ಶನಿವಾರದ ಹೆಬ್ಬೆಟ್ಟು

ಇಲ್ಲಿಯ ಮಣ್ಣು ಬೀಳುವಾಗ ಸದ್ದು ಮಾಡುವುದಿಲ್ಲ. ನಮ್ಮ ಕಡೆಯ ಎರೆಮಣ್ಣು ಮೊದಲು ಬಿರುಕು ಬಿಡುತ್ತದೆ. ಬಾವಿ ತೋಡುವವರು ಆ ಬಿರುಕು ನೋಡಿ ಮೇಲೆ ಹತ್ತಿ ಬರುತ್ತಾರೆ. ಬೆಂಗಳೂರಿನ ಕೆಂಪು ಮಣ್ಣಿಗೆ ಆ ರೂಢಿ ಇಲ್ಲ. ನಿಂತಿರುತ್ತದೆ, ನಿಂತಿರುತ್ತದೆ, ಆಮೇಲೆ ನಿಂತಿರುವುದಿಲ್ಲ. ನಾನು ಗುಂಡಿಯ ಅಂಚಿನಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಕೆಳಗಿನಿಂದ ದುರುಗಪ್ಪ ಕತ್ತೆತ್ತಿ, "ಅಕ್ಕೋರ, ಬಾಟ್ಲಿ ಒಗೀರಿ, ಹಿಡಿತೀನಿ" ಅಂದ. ನಾನು ಕೈ ಎತ್ತಿದೆ. ಎಸೆಯುವಷ್ಟರಲ್ಲಿ ಕೆಳಗೆ ದುರುಗಪ್ಪ ಇರಲಿಲ್ಲ, ಗುಂಡಿಯೂ ಇರಲಿಲ್ಲ. ಹಸಿ ಕೆಂಪು ನೆಲ ಇತ್ತು.

ಪಕ್ಕದ ರಸ್ತೆಯಲ್ಲಿ ಐಟಿ ಕಂಪನಿಯ ಬಸ್ಸೊಂದು ಸಿಗ್ನಲ್ಲಿಗೆ ನಿಂತಿತ್ತು. ಕಿಟಕಿಯ ಹತ್ತಿರ ಕೂತಿದ್ದ ಹುಡುಗಿಯೊಬ್ಬಳು ನನ್ನನ್ನು ನೋಡಿದಳು. ಅವಳ ಕಣ್ಣಿಗೆ ನಾನು ಬಸ್ಸಿಗೆ ಕೈ ತೋರಿಸುವವಳಂತೆ ಕಂಡಿರಬೇಕು. ಸಿಗ್ನಲ್ ಬಿಟ್ಟಿತು, ಬಸ್ಸು ಹೋಯಿತು. ನನ್ನ ಕೈ ಇನ್ನೂ ಮೇಲೆಯೇ ಇತ್ತು. ಜೆಸಿಬಿ ಬಂದು ಅವನನ್ನು ತೆಗೆಯುವ ಹೊತ್ತಿಗೆ ಊಟದ ಸಮಯ ಮೀರಿತ್ತು. ಜೀವ ಇರಲಿಲ್ಲ. ಬಾಟಲಿ ನನ್ನ ಕೈಯಲ್ಲೇ ಇದೆ ಎಂದು ಯಾರೋ ಹೇಳಿ ತೆಗೆದುಕೊಂಡರು.

ನಮ್ಮ ಜಿಲ್ಲೆಯ ಪತ್ರಿಕೆಯವರು, ದೂರ ಹೋಗಿ ನೆಲೆಸಿದವರು ಅಲ್ಲಿಯ ಬದುಕಿನ ಬಗ್ಗೆ ಬರೆಯಿರಿ ಎಂದು ಕೇಳಿದ್ದಾರೆ. ಮನೆ, ಊಟ, ಭಾಷೆ, ಒಂಟಿತನ, ಏನಾದರೂ. ನಾನು ಎಲ್ಲಿಂದ ಶುರು ಮಾಡಿದರೂ ಆ ಗುಂಡಿಯ ಅಂಚಿಗೇ ಬಂದು ನಿಲ್ಲುತ್ತೇನೆ. ಹಾಗಾಗಿ ಅಲ್ಲಿಂದಲೇ ಶುರು ಮಾಡಿದೆ.

ನಾನು ಮಾನ್ವಿ ತಾಲೂಕಿನವಳು. ಅವ್ವ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಬಿ.ಎ. ಮಾಡಿದೆ, ರಾಜ್ಯಶಾಸ್ತ್ರ ತೆಗೆದುಕೊಂಡಿದ್ದೆ. ಸಂವಿಧಾನದ ಪತ್ರಿಕೆಯಲ್ಲಿ ಕಾಲೇಜಿಗೇ ಹೆಚ್ಚು ಅಂಕ ನನಗೆ ಬಂದಿದ್ದವು. ಬದುಕುವ ಹಕ್ಕು ಎಷ್ಟನೆಯ ವಿಧಿ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಕೆಲಸ ಸಿಕ್ಕಿದ್ದು ಎಲೆಕ್ಟ್ರಾನಿಕ್ ಸಿಟಿಯಿಂದ ಆನೇಕಲ್ ಕಡೆಗೆ ಹೋಗುವ ದಾರಿಯ ಒಂದು ಅಪಾರ್ಟ್‌ಮೆಂಟ್ ಸೈಟಿನಲ್ಲಿ. ತಗಡಿನ ಆಫೀಸಿನಲ್ಲಿ ಕೂತು ಹಾಜರಿ ಬರೆಯುವುದು, ಸಿಮೆಂಟ್ ಮೂಟೆ ಎಣಿಸುವುದು, ರಿಜಿಸ್ಟರ್ ಇಡುವುದು. ಕೆಲಸಗಾರರಲ್ಲಿ ಅರ್ಧಕ್ಕರ್ಧ ನಮ್ಮ ಕಡೆಯವರು. ರಾಯಚೂರು, ಯಾದಗಿರಿ, ಕೊಪ್ಪಳ. ಅವರು ನನ್ನನ್ನು ಅಕ್ಕೋರೆ ಅನ್ನುತ್ತಿದ್ದರು. ನಮ್ಮ ಕಡೆ ಶಾಲೆಯ ಟೀಚರಿಗೆ ಹಾಗೆ ಅನ್ನುತ್ತಾರೆ ಎಂದು ನಿಮಗೆ ಹೇಳಬೇಕಾಗಿಲ್ಲ. ಪೆನ್ನು ಹಿಡಿದ ಹೆಂಗಸು ಅಕ್ಕೋರು. ಬೆಂಗಳೂರಿನವರಿಗೆ ನಾನು ಮೇಡಂ. ಬಂದ ಮೊದಲ ವಾರ ಯಾರಾದರೂ ಮೇಡಂ ಅಂದರೆ ಹಿಂದೆ ತಿರುಗಿ ನೋಡುತ್ತಿದ್ದೆ.

ಉಳಿದುಕೊಂಡಿದ್ದು ಸೈಟಿನ ಹಿಂದಿನ ಹಳ್ಳಿಯಲ್ಲಿ. ಹಳ್ಳಿ ಅಂದರೆ ಹೆಸರಿಗೆ. ಒಂದರ ಮೇಲೊಂದು ರೂಮು, ರೂಮಿನ ಮೇಲೆ ನೀರಿನ ಟ್ಯಾಂಕು. ನಡುವೆ ಒಂದು ಹಳೆಯ ಹೆಂಚಿನ ಮನೆ. ಅದು ಓನರ್ ನಂಜಮ್ಮನವರದು. ಅವರ ಸಾಲುಮನೆಗಳಲ್ಲಿ ಕೊನೆಯದು ನನ್ನದು. ನಂಜಮ್ಮನವರು ಸುತ್ತಲಿನ ಕಟ್ಟಡಗಳನ್ನು ಅಲ್ಲಿ ಹಿಂದೆ ಬೆಳೆಯುತ್ತಿದ್ದ ಬೆಳೆಯ ಹೆಸರಿನಿಂದ ಗುರುತಿಸುತ್ತಾರೆ. ಗಾಜಿನ ದೊಡ್ಡ ಆಫೀಸು ಅವರೆ ಹೊಲ. ಅದರ ಪಾರ್ಕಿಂಗು ರಾಗಿ ಕಣ. "ಅವರೆ ಒಲದಾಗೆ ಬೆಂಕಿ ಬಿತ್ತಂತೆ ಕಣಮ್ಮಿ, ನಾಕ್ನೇ ಫ್ಲೋರು" ಎಂದು ಒಂದು ದಿನ ಹೇಳಿದಾಗ ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಮೊದಲ ದಿನ ಮುದ್ದೆ, ಬಸ್ಸಾರು ಕೊಟ್ಟರು. ನಾನು ಜೋಳದ ರೊಟ್ಟಿಯವಳು, ಅಗಿದೆ. ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅಗೀಬಾರ್ದು ಕಣಮ್ಮಿ. ನುಂಗ್ಬೇಕು."

"ಗಂಟಲಾಗ ಸಿಕ್ಕೊಂಡ್ರೆ?"

"ಯಾರ್ಗೂ ಸಿಕ್ಕಿಲ್ಲ, ನಿಂಗೊಬ್ಳಿಗೆ ಸಿಕ್ಕತ್ತಾ? ನುಂಗು."

ನುಂಗಿದೆ. ಈ ಊರಿನಲ್ಲಿ ಬಹಳಷ್ಟನ್ನು ಹಾಗೆಯೇ ಕಲಿತೆ.

ಈಗ ರಿಜಿಸ್ಟರಿನ ವಿಷಯ ಹೇಳಬೇಕು. ಪ್ರತಿ ದಿನ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಕೆಲಸಗಾರರನ್ನು ನಿಲ್ಲಿಸಿ ಅಪಾಯಗಳ ಬಗ್ಗೆ ಹೇಳಬೇಕು. ಹೆಲ್ಮೆಟ್ ಹಾಕಿ, ಬೆಲ್ಟ್ ಕಟ್ಟಿಕೊಳ್ಳಿ, ಆಳದ ಗುಂಡಿಗೆ ಹಲಗೆಯ ಆಸರೆ ಇಲ್ಲದೆ ಇಳಿಯಬೇಡಿ. ಹೇಳಿದ ಮೇಲೆ ಅವರ ಸಹಿಯನ್ನೋ ಹೆಬ್ಬೆಟ್ಟನ್ನೋ ತೆಗೆದುಕೊಳ್ಳಬೇಕು. ಹಾಳೆಯ ಎಡಕ್ಕೆ ಹೆಸರು, ಬಲಕ್ಕೆ ಸೋಮವಾರದಿಂದ ಶನಿವಾರದವರೆಗೆ ಆರು ಚೌಕದ ಮನೆ. ಮೇಲೆ ಇಂಗ್ಲಿಷಿನಲ್ಲಿ ಸೂಚನೆಗಳು. ಮೊದಲ ಎರಡು ವಾರ ನಾನು ಅವನ್ನೆಲ್ಲ ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿದೆ. ಸೈಟ್ ಇಂಜಿನಿಯರ್ ಕಿರಣ್ ಸಾರ್ ಗಡಿಯಾರ ನೋಡುತ್ತಿದ್ದರು.

"ಮೇಡಂ, ಹತ್ತು ನಿಮಿಷದ ಕೆಲ್ಸಕ್ಕೆ ನಲವತ್ತು ನಿಮಿಷ ಆಗ್ತಿದೆ. ಏನಾದ್ರೂ ಮಾಡಿ."

ನಾನು ಏನಾದರೂ ಮಾಡಿದೆ. ಸೋಮವಾರ ಚಹಾ ಕುಡಿಯುವ ಹೊತ್ತಿಗೆ ಇಂಕ್ ಪ್ಯಾಡ್ ಹಿಡಿದು ಹೋಗಿ, ಆರು ಮನೆಗೂ ಒಟ್ಟಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದುಬಿಡುವುದು. ಸೂಚನೆ ಹೇಳುವುದು ತಾನಾಗಿಯೇ ನಿಂತುಹೋಯಿತು. ಯಾರೂ ನನಗೆ ಹೀಗೆ ಮಾಡು ಎಂದು ಹೇಳಿಕೊಡಲಿಲ್ಲ. ಅದು ನನ್ನದೇ ಉಪಾಯ. ಕಿರಣ್ ಸಾರ್ "ಸೂಪರ್ ಮೇಡಂ" ಅಂದರು. ಆ ದಿನ ಅವ್ವನಿಗೆ ಫೋನ್ ಮಾಡಿ, ಇಂಜಿನಿಯರ್ ನನ್ನನ್ನು ಹೊಗಳಿದರು ಎಂದು ಹೇಳಿದೆ. ಬೆಂಗಳೂರಿನಲ್ಲಿ ನನ್ನ ಮೊದಲ ಗೆಲುವು ಅದು.

ದುರುಗಪ್ಪ ಲಿಂಗಸುಗೂರು ತಾಲೂಕಿನವನು. ಅವನ ಹೆಂಡತಿ ಹುಲಿಗೆಮ್ಮ ಅದೇ ಸೈಟಿನಲ್ಲಿ ಜಲ್ಲಿ ಹೊರುತ್ತಿದ್ದಳು. ಕೊನೆಯ ಸೋಮವಾರ ಅವನು ಹೆಬ್ಬೆಟ್ಟು ಒತ್ತುತ್ತ ನಕ್ಕ.

"ಹಂಗಾರ ಶನಿವಾರ ನಾ ಬರದಿದ್ರೂ ಬಂದಂಗ ಅಲ್ರೀ ಅಕ್ಕೋರ?"

"ಬರದಿದ್ರ ಹಾಜರಿ ಹಾಕಂಗಿಲ್ಲ ನೋಡು ಮತ್ತ" ಎಂದೆ. ಹುಲಿಗೆಮ್ಮನೂ ನಕ್ಕಳು. ಆಮೇಲೆ ಅವನು, ಚರಂಡಿ ಪೈಪಿನ ಗುಂಡಿ ಇಳಿಯುತ್ತ ಇಳಿಯುತ್ತ ಎರಡಾಳು ಆಳವಾಯಿತು, "ಹಲಗಿ ಯಾವಾಗ ಬರ್ತಾವ್ರಿ?" ಎಂದು ಕೇಳಿದ. ಹಲಗೆಗಳು ನಮ್ಮ ಕಂಪನಿಯ ಇನ್ನೊಂದು ಸೈಟಿನಲ್ಲಿದ್ದವು. ನಾನು ಕಿರಣ್ ಸಾರ್‌ಗೆ ಹೇಳಿದೆ. ನಾಳೆ ಬರುತ್ತವೆ ಅಂದರು. ಮಂಗಳವಾರವೂ ನಾಳೆ ಅಂದರು. ಬುಧವಾರ ಮಣ್ಣು ಬಿತ್ತು.

ಅದೇ ಬುಧವಾರ ಸಂಜೆ, ಪೊಲೀಸರು ಗುಂಡಿಯ ಸುತ್ತ ಹಗ್ಗ ಕಟ್ಟುತ್ತಿದ್ದಾಗ, ಕಿರಣ್ ಸಾರ್ ತಗಡಿನ ಆಫೀಸಿಗೆ ಬಂದರು. ಕೆಟ್ಟ ಮನುಷ್ಯರಲ್ಲ.

"ಮೇಡಂ, ಠಾಣೆಯಿಂದ ರಿಜಿಸ್ಟರ್ ಕೇಳ್ತಿದಾರೆ. ಬುಧವಾರದವರೆಗೆ ಮಾತ್ರ ಕಾಣೋ ಹಾಗೆ ಒಂದು ಜೆರಾಕ್ಸ್ ತೆಗೀರಿ. ಒರಿಜಿನಲ್ ಕೆಸರಲ್ಲಿ ಹೋಯ್ತು ಅಂತ ಹೇಳೋಣ. ಅದನ್ನ ಹರಿದುಹಾಕಿ."

ನಾನು ಗುರುವಾರ, ಶುಕ್ರವಾರ, ಶನಿವಾರದ ಮನೆಗಳ ಮೇಲೆ ಒಂದು ಬಿಳಿ ಹಾಳೆ ಇಟ್ಟು, ಅಂಚು ಸರಿಯಾಗಿ ಕೂಡಿಸಿ, ಜೆರಾಕ್ಸ್ ತೆಗೆದೆ. ಚೆನ್ನಾಗಿ ಬಂತು. ಓರೆಯಾಗಲಿಲ್ಲ. ಮೂಲ ಹಾಳೆಯನ್ನು ಮಡಚಿ, ಹರಿಯಲೆಂದೇ ಬ್ಯಾಗಿಗೆ ಹಾಕಿಕೊಂಡೆ. ಹರಿಯಲಿಲ್ಲ. ಅದರಲ್ಲಿ ಧೈರ್ಯ ಏನೂ ಇರಲಿಲ್ಲ. ಮರೆತೆ, ಅಷ್ಟೇ. ಆ ದಿನ ಹೇಳಿದ್ದನ್ನೆಲ್ಲ ನನ್ನ ಕೈಗಳು ಮಾಡಿದವು. ಇದೊಂದನ್ನು ಮಾಡಲಿಲ್ಲ.

ಮಾರನೆಯ ದಿನ ಠಾಣೆಯಲ್ಲಿ ಒಬ್ಬರು ಕಂಪ್ಯೂಟರಿನ ಮುಂದೆ ಕೂತು ನನ್ನ ಹೇಳಿಕೆ ಟೈಪ್ ಮಾಡಿದರು. ಪಕ್ಕದಲ್ಲಿ ನಾನು ತೆಗೆದ ಜೆರಾಕ್ಸ್ ಇತ್ತು. ಅದನ್ನು ನೋಡಿಕೊಂಡೇ, ಆಸರೆ ಇಲ್ಲದೆ ಇಳಿಯಬಾರದೆಂದು ಪ್ರತಿದಿನ ಎಚ್ಚರಿಸಿದ್ದರೂ ಮೃತನು ತನ್ನ ಅಜಾಗರೂಕತೆಯಿಂದ ಇಳಿದಿದ್ದಾನೆ ಎಂದು ಟೈಪಿಸಿ ಓದಿದರು.

"ಸರಿ ಅಲ್ವಾ ಮೇಡಂ?"

ತಲೆ ಆಡಿಸಿದೆ. ಅವರಿಗೆ ಕೊಟ್ಟ ಕಾಗದದಲ್ಲಿ ಇದ್ದದ್ದು ಅದೇ. ಕಾಗದ ಕೊಟ್ಟವಳು ನಾನು. ಸಹಿ ಹಾಕಲು ಪೆನ್ನು ತೆಗೆದರೆ, ಬೇಡ, ಇದಕ್ಕೆ ಸಹಿ ಇರುವುದಿಲ್ಲ ಅಂದರು. ಯಾಕೆ ಇಲ್ಲ ಎಂದು ಕೇಳಬೇಕೆನಿಸಲಿಲ್ಲ.

ಆಮೇಲಿನ ಎರಡು ವಾರದ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಎದ್ದೆ, ಹೋದೆ, ಬಂದೆ. ನಂಜಮ್ಮನವರು ಕೊಟ್ಟದ್ದನ್ನು ನುಂಗಿದೆ. ಬಕೆಟ್ಟಿಗೆ ನಲ್ಲಿ ಬಿಟ್ಟು, ನೀರು ತುಂಬಿ ಹರಿದು ಬಾಗಿಲಾಚೆ ಹೋಗುವವರೆಗೂ ನೋಡುತ್ತ ನಿಂತಿದ್ದೆ. ಬಾಟಲಿಯನ್ನು ಒಂದು ಕ್ಷಣ ಮೊದಲು ಎಸೆದಿದ್ದರೆ ಅವನು ಹಿಡಿಯಲು ಒಂದು ಹೆಜ್ಜೆ ಎಡಕ್ಕೆ ಬರುತ್ತಿದ್ದ. ಎಡಕ್ಕೆ ಮಣ್ಣು ಕಡಿಮೆ ಬಿದ್ದಿತ್ತು. ದಿನಕ್ಕೆ ಎಷ್ಟು ಸಲ ಆ ಬಾಟಲಿ ಎಸೆದೆನೋ ಗೊತ್ತಿಲ್ಲ. ಅಳು ಬರಲಿಲ್ಲ. ಅವ್ವ ಫೋನಿನಲ್ಲಿ, "ಊಟ ಆತೇನು?" ಅಂದರೆ "ಆತು" ಅನ್ನುತ್ತಿದ್ದೆ.

ಊರಿನಿಂದ ಹುಲಿಗೆಮ್ಮನ ಫೋನು ಬಂತು.

"ಅಕ್ಕೋರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇಳೀಬ್ಯಾಡ ಅಂದ್ರೂ ಇಳದಾನ ಅಂತ ಕಾಗದದಾಗ ಬರದಾರಂತ. ಅಂವಗ ಹೇಳಿದ್ರೇನ್ರಿ?"

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ನಾನೂ ಅಲ್ಲೇ ಇದ್ದೆ. ನೀವು ಹೇಳಿದ್ದು ಕೇಳಿದ ನೆನಪಿಲ್ಲ. ಹೇಳಿದ್ರ ಹೇಳೀನಿ ಅನ್ರಿ, ನಾ ಸುಮ್ನಾಗ್ತೀನಿ. ಮಗ ದೊಡ್ಡಾವ ಆದ ಮ್ಯಾಲೆ ಕೇಳ್ತಾನ, ನಮ್ಮಪ್ಪ ಹೆಂಗ ಸತ್ತ ಅಂತ. ಅವನ ತಪ್ಪಿಲೇ ಸತ್ತ ಅನ್ಲೋ, ಏನನ್ಲಿ?"

"ನಾಳೆ ಹೇಳ್ತೀನಿ" ಎಂದೆ. ಹೇಳಿದ ಮೇಲೆ ಗೊತ್ತಾಯಿತು, ಅದು ಕಿರಣ್ ಸಾರ್ ಹಲಗೆಯ ಬಗ್ಗೆ ಹೇಳಿದ ಮಾತು.

ಬಸ್ ಪಾಸ್ ಹುಡುಕುವಾಗ ಬ್ಯಾಗಿನ ತಳದಲ್ಲಿ ಆ ಹಾಳೆ ಸಿಕ್ಕಿದ್ದು ಅದೇ ವಾರ. ಬಿಡಿಸಿ ನೋಡಿದೆ. ದುರುಗಪ್ಪನ ಸಾಲಿನಲ್ಲಿ ಆರು ಹೆಬ್ಬೆಟ್ಟು. ಪ್ಯಾಡಿನ ಇಂಕು ಒಣಗಿತ್ತು ಎಂದು ಒಂದೇ ಸಲ ಅದ್ದಿ ಆರು ಸಲ ಒತ್ತಿಸಿದ್ದೆ. ಸೋಮವಾರದ್ದು ಕಪ್ಪಗೆ, ಗೆರೆಯೇ ಕಾಣದಷ್ಟು. ಆಮೇಲೆ ಒಂದೊಂದು ಮನೆಗೂ ಮಾಸುತ್ತ ಬಂದು, ಶನಿವಾರದ್ದು ಬರೀ ನೆರಳು. ಹಾಳೆಯ ತುಂಬ ಎಲ್ಲರ ಸಾಲೂ ಹಾಗೆಯೇ ಇದ್ದವು. ಆದರೆ ಉಳಿದವರು ಶನಿವಾರ ಬದುಕಿದ್ದರು.

ಕಾಲೇಜಿನಲ್ಲಿ ಸರ್ಕಾರ ಅಂದರೆ ಮೂರು ಅಂಗ ಎಂದು ಓದಿದ್ದೆ. ಊರಿನಲ್ಲಿ ಸರ್ಕಾರಕ್ಕೆ ಮುಖ ಇರುತ್ತದೆ. ಗ್ರಾಮ ಲೆಕ್ಕಿಗರು ನಮ್ಮ ಗಿರಣಿಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾರೆ, ಅವ್ವ ಅಲ್ಲಿಯೇ ಕೇಳಿಬಿಡುತ್ತಾಳೆ. ಇಲ್ಲಿ ಸರ್ಕಾರ ಅಂದರೆ ಕಿಟಕಿಗಳು. ಒಂದು ಕಿಟಕಿ ಇನ್ನೊಂದನ್ನು ತೋರಿಸುತ್ತದೆ. ಈ ಹಾಳೆ ಯಾರಿಗೆ ಕೊಡಬೇಕು ಎಂದು ಕೇಳಿದರೆ ಕಾರ್ಮಿಕ ಇಲಾಖೆಯ ಕಿಟಕಿ ಠಾಣೆ ಅಂದಿತು. ಠಾಣೆಯ ಬಾಗಿಲಲ್ಲಿ, ಅಸಹಜ ಸಾವು ಎಂದು ದಾಖಲಾಗಿದೆ, ಬೇರೆ ಏನಾದರೂ ಇದ್ದರೆ ಬರೆದುಕೊಡಿ ಅಂದರು. ಬರೆದುಕೊಡುವುದು ಹೇಗೆ ಎಂದು ಅಂಕ ತೆಗೆದ ನನಗೆ ಗೊತ್ತಿರಲಿಲ್ಲ. ನಾನು ದಾರಿ ಕೇಳಿದ್ದು ಕೊನೆಗೆ ನಂಜಮ್ಮನವರನ್ನು.

ಅವರು ಮೊದಲು ಹೆದರಿದರು. "ಪೊಲೀಸು ಗಿಲೀಸು ಮನೆತಾವ ಬರ್ಬಾರ್ದು ನೋಡು. ಇಲ್ಲಾಂದ್ರೆ ರೂಮು ಬಿಟ್ಬುಡು." ನಾನು ಹಾಳೆಯನ್ನು ಅವರ ಮುಂದೆ ಬಿಡಿಸಿ ತೋರಿಸಿದೆ, ಯಾವ ಮನೆ ಯಾವ ದಿನದ್ದು ಎಂದು ಹೇಳಿದೆ. ಅವರು ಬಹಳ ಹೊತ್ತು ನೋಡಿದರು.

"ನಮ್ ಮಾವಂದೂ ಇಂಗೇ ಒತ್ತುಸ್ಕೊಂಡೋದ್ರು," ಅಂದರು. "ಬರೀ ಕಾಗ್ದಕ್ಕೆ. ಮೇಲೆ ಏನ್ ಬರ್ದ್ರೋ ಆಮೇಲೆ ಬರ್ಕೊಂಡ್ರು. ಅವರೆ ಒಲ ಓಯ್ತು. ಇವತ್ತಿಗೂ ಆನೇಕಲ್ಲಾಗೆ ಕೇಸೈತೆ. ಮಾವ ತೀರೋದ್ರು, ನಮ್ಮನೆಯೋರೂ ತೀರೋದ್ರು, ಕೇಸು ಐತೆ."

ಹಾಳೆಯಿಂದ ಕಣ್ಣೆತ್ತಿ ನನ್ನ ಮುಖ ನೋಡಿದರು.

"ಒತ್ತುಸ್ಕೊಂಡೋನು ಯಾರೋ ನಿನ್ನಂಗೆ ಓದಿದ್ ಉಡುಗ್ನೇ ಇದ್ದ."

ನಾನು ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿದೆ. ಮರುದಿನ ಅವರೇ ನನ್ನನ್ನು ಆನೇಕಲ್ ಬಸ್ಸು ಹತ್ತಿಸಿಕೊಂಡು ಹೋದರು. ಕೋರ್ಟಿನ ಆವರಣ ಅವರಿಗೆ ಸಂತೆಯಷ್ಟೇ ಪರಿಚಿತ. ಯಾವ ಮರದ ಕೆಳಗೆ ನೆರಳು, ಯಾವ ಕ್ಯಾಂಟೀನಿನ ಚಹಾ ನೀರಾಗಿರುತ್ತದೆ, ಎಲ್ಲ ಗೊತ್ತು. ಉಚಿತ ಕಾನೂನು ನೆರವು ಎಂದು ಬೋರ್ಡು ಇರುವ ಒಂದು ಚಿಕ್ಕ ಕೋಣೆಗೆ ನನ್ನನ್ನು ತಳ್ಳಿ, "ಓಗು, ಎಲ್ಲಾ ಒಪ್ಸು" ಎಂದು ಹೊರಗೆ ಕೂತರು.

ಒಳಗಿದ್ದ ವಕೀಲರು ನಡುವಯಸ್ಸಿನ ಹೆಂಗಸು. ನಾನು ಹೇಳಿದ್ದನ್ನು ಕೇಳಿ, ಹಾಳೆಯನ್ನು ಬೆಳಕಿಗೆ ಹಿಡಿದರು.

"ಒಂದೇ ಇಂಕಲ್ಲಿ ಆರು," ಅಂದರು. "ಇದಕ್ಕೆ ನೀವು ಬಾಯಿ ಬಿಡೋದೇ ಬೇಡ, ಇದೇ ಮಾತಾಡುತ್ತೆ. ಆದ್ರೆ ಒಂದು ಹೇಳ್ತೀನಿ, ಸರಿಯಾಗಿ ಕೇಳಿಸ್ಕೊಳ್ಳಿ. ಹುಲಿಗೆಮ್ಮನ ಪರವಾಗಿ ನಾನು ನಿಲ್ತೀನಿ. ನಿಮ್ಮ ಪರವಾಗಿ ನಿಲ್ಲೋಕೆ ಬರಲ್ಲ. ನಿಮಗೆ ಬೇರೆ ವಕೀಲರು ಬೇಕು. ಈ ಕೇಸಲ್ಲಿ ನೀವು ಸಾಕ್ಷಿ. ಆರೋಪಿನೂ ಆಗಬಹುದು."

"ಗೊತ್ತಾಯ್ತು."

"ಗೊತ್ತಾಗಿಲ್ಲ. ಗೊತ್ತಾಗಿದ್ರೆ ಹಿಂಗೆ ಕೂತಿರ್ತಿರಲಿಲ್ಲ. ನೀರು ಕುಡೀರಿ."

ಬಾಟಲಿ ಮುಂದೆ ಇಟ್ಟರು. ನಾನು ಮುಟ್ಟಲಿಲ್ಲ.

ಆ ಕೋಣೆಯಲ್ಲಿ ನಾನು ಕಲಿತದ್ದು ಮೂರು ವರ್ಷದ ಪದವಿಯಲ್ಲಿ ಕಲಿಯದೆ ಬಿಟ್ಟದ್ದು. ಪೊಲೀಸರ ಮುಂದೆ ಸಾಕ್ಷಿ ಹೇಳಿದ್ದು ತನಿಖೆಗೆ ಮಾತ್ರ, ಅದಕ್ಕೇ ಅದರಲ್ಲಿ ಸಹಿ ಇರುವುದಿಲ್ಲ. ನಾನು ತಲೆ ಆಡಿಸಿದ್ದು ಕೊನೆಯ ಮಾತಲ್ಲ. ನ್ಯಾಯಾಧೀಶರ ಮುಂದೆ ಪ್ರಮಾಣ ಮಾಡಿ ಹೇಳಿ ಸಹಿ ಹಾಕಿದರೆ ಅದಕ್ಕೆ ಬೇರೆ ತೂಕ. ಅಲ್ಲಿಗೆ ಹೋಗಬೇಕಾದರೆ ತನಿಖಾಧಿಕಾರಿಯಿಂದ ಅರ್ಜಿ ಹೋಗಬೇಕು. ಅವರಿಗೆ ಅರ್ಜಿ ಕೊಟ್ಟರೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳದೆ ಹಿಂದಿರುಗಬಾರದು. "ಸೀಲ್ ಇಲ್ದಿದ್ರೆ ನೀವು ಬಂದೇ ಇಲ್ಲ ಅಂತ ಅರ್ಥ" ಅಂದರು ವಕೀಲರು. ಹೆಬ್ಬೆಟ್ಟು ಒತ್ತಿದರೆ ದುರುಗಪ್ಪ ಬರದಿದ್ದರೂ ಬಂದಂತೆ. ಸೀಲು ಇಲ್ಲದಿದ್ದರೆ ನಾನು ಬಂದರೂ ಬರದಂತೆ. ಕಿಟಕಿಗಳ ಆಚೆ ಸರ್ಕಾರ ನಡೆಯುವುದು ಹೀಗೆ. ಇದನ್ನು ತಿಳಿದವರು ತಿಳಿಯದವರ ಹೆಸರಿನಲ್ಲಿ ಏನು ಬೇಕಾದರೂ ಬರೆಯಬಹುದು. ನಾನು ಬರೆದಿದ್ದೆ.

ಹುಲಿಗೆಮ್ಮ ಅರ್ಜಿಗೆ ಸಹಿ ಮಾಡಲು ಊರಿನಿಂದ ಬಂದಳು. ಕೋರ್ಟಿನ ಮರದ ಕೆಳಗೆ ಮೊದಲು ನಾನು ಅವಳಿಗೆ ಹಾಳೆ ತೋರಿಸಿದೆ. ಹೇಳಬೇಕಾದ್ದನ್ನು ಹೇಳಿದೆ. "ನಾ ಹೇಳಿರಲಿಲ್ಲ ಹುಲಿಗೆಮ್ಮ. ಆ ದಿನ ಅಷ್ಟೇ ಅಲ್ಲ, ಎಷ್ಟೋ ತಿಂಗಳಿಂದ ಹೇಳೇ ಇರಲಿಲ್ಲ."

ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹಾಳೆಯ ಮೇಲೆ ಬೆರಳಿಟ್ಟು, ಮಸುಕಾದ ಕೊನೆಯ ಗುರುತನ್ನು ತೋರಿಸಿದಳು.

"ಇದು ಯಾವ ದಿನದ್ದು?"

"ಶನಿವಾರದ್ದು."

"ಶುಕ್ರವಾರ ಮಣ್ಣು ಮಾಡಿದ್ವಿ," ಅಂದಳು. ಆಮೇಲೆ, "ಇದರದೊಂದು ಕಾಪಿ ನನಗ ಬೇಕ್ರಿ. ಪೂರ್ತಿದು. ಮುಚ್ಚಿದ್ದಲ್ಲ."

ತೆಗೆಸಿಕೊಟ್ಟೆ. ಮಡಚದೆ ಹಿಡಿದುಕೊಂಡು ಬಸ್ಸು ಹತ್ತಿದಳು.

ಠಾಣೆಗೆ ಹಾಳೆ ಒಪ್ಪಿಸಿದ ದಿನ ತನಿಖಾಧಿಕಾರಿ ಅದನ್ನು ನೋಡಿ, "ಮೊದ್ಲೇ ತರಬಾರ್ದಿತ್ತೇನಮ್ಮ?" ಅಂದರು. ನಿರ್ಲಕ್ಷ್ಯದಿಂದಾದ ಸಾವು ಎಂದು ಹೊಸದಾಗಿ ಪ್ರಕರಣ ದಾಖಲಾಯಿತು. ಹಾಳೆಯನ್ನು ವಶಕ್ಕೆ ತೆಗೆದುಕೊಂಡ ಜಪ್ತಿ ಪಂಚನಾಮೆಗೆ ಸಹಿ ಹಾಕುವ ಮೊದಲು ಪ್ರತಿ ಸಾಲನ್ನೂ ಓದಿದೆ. ಪಂಚರಾಗಿ ಬಂದಿದ್ದ ಇಬ್ಬರಿಗೆ ಬೇಸರವಾಯಿತು. ಒಬ್ಬರು, "ಎಲ್ಲಾ ಸರಿಯಾಗಿದೆ ಮೇಡಂ, ಹಾಕಿ ಮೇಡಂ" ಅಂದರು. ಓದಿಯೇ ಹಾಕಿದೆ.

ಕೆಲಸ ಹೋಯಿತು. ಯಾರೂ ಬಿಡು ಎನ್ನಲಿಲ್ಲ. ಒಂದು ಬೆಳಿಗ್ಗೆ ನನ್ನ ಕುರ್ಚಿಯಲ್ಲಿ ಬೇರೆ ಹುಡುಗಿ ಇದ್ದಳು. ಸೈಟಿನ ಕೆಲಸವನ್ನೂ ಕೆಲವು ವಾರ ನಿಲ್ಲಿಸಿದರು. ಅದರ ಸಿಟ್ಟು ಕಂಪನಿಯವರಿಗಿಂತ ನಮ್ಮವರಿಗೆ ಹೆಚ್ಚಾಯಿತು. ಯಾದಗಿರಿಯ ಗೌಂಡಿಯೊಬ್ಬ, ಹಣಮಂತ ಅಂತ, ಗೋಡೆ ಕಟ್ಟುವವನು, ತರಕಾರಿ ಅಂಗಡಿಯ ಮುಂದೆ ಎಲ್ಲರೆದುರು ಕೇಳಿದ.

"ಏನ್ರೀ ಅಕ್ಕೋರ, ದುರುಗಪ್ಪ ಎದ್ದು ಬಂದನೇನು? ನಾವಂತೂ ಕೂತ್ವಿ. ಈಗ ಯಾವ ರಿಜಿಸ್ಟರಿನಾಗ ಒತ್ತೂಣು, ಹೇಳ್ರಿ?"

ಟೊಮೆಟೊ ಆರಿಸುತ್ತಿದ್ದೆ. ಆರಿಸಿ ಮುಗಿಸಿದೆ.

ನ್ಯಾಯಾಧೀಶರ ಮುಂದೆ ಹೋದ ದಿನ ಕೋಣೆಯಲ್ಲಿ ಇದ್ದದ್ದು ಅವರು, ಟೈಪ್ ಮಾಡುವವರು, ನಾನು. ಉಳಿದವರನ್ನು ಹೊರಗೆ ಕಳಿಸಿದರು. ಯಾರಾದರೂ ಒತ್ತಾಯ ಮಾಡಿದ್ದಾರಾ ಎಂದು ಕೇಳಿದರು. ಇಲ್ಲ ಎಂದೆ. ನೀವು ಹೇಳುವುದರಿಂದ ನಿಮಗೇ ತೊಂದರೆಯಾಗಬಹುದು, ಗೊತ್ತಿದೆಯಾ? ಗೊತ್ತಿದೆ ಎಂದೆ. ನೀರಿನ ಬಾಟಲಿಯಿಂದ ಹಿಡಿದು ಬಿಳಿ ಹಾಳೆ ಮುಚ್ಚಿ ತೆಗೆದ ಜೆರಾಕ್ಸಿನವರೆಗೆ ಹೇಳಿದೆ. ಬೇರೆ ಯಾರೋ ಹೇಳುವುದನ್ನು ನಾನು ಕೇಳುತ್ತಿದ್ದಂತೆ ಇತ್ತು. ಓದಲು ಕೊಟ್ಟಾಗ ಒಂದು ಕಡೆ, ಪ್ರತಿ ದಿನ ಒತ್ತಿಸಿಕೊಳ್ಳುತ್ತಿದ್ದೆ ಎಂದು ಬಂದಿತ್ತು. ವಾರಕ್ಕೆ ಒಂದು ದಿನ ಎಂದು ತಿದ್ದಿಸಿದೆ. ಆಮೇಲೆ ಸಹಿ.

ಟೈಪ್ ಮಾಡುವವರು ಶುರುವಿನಲ್ಲಿಯೇ ಕೇಳಿದ್ದರು, ಖಾಯಂ ವಿಳಾಸ ಯಾವುದು, ಹಾಲಿ ವಾಸ ಎಲ್ಲಿ? ಸಾಕ್ಷಿ ಹೇಳಲು ಕರೆಯುವ ಸಮನ್ಸು ಯಾವಾಗ ಬರುತ್ತದೋ ಹೇಳಲು ಬರುವುದಿಲ್ಲ. ತಿಂಗಳಾಗಬಹುದು, ವರ್ಷಗಳಾಗಬಹುದು. ಬಂದಾಗ ನಾನು ಸಿಗಬೇಕು. ವಲಸೆ ಬಂದವರ ಕೇಸು ಸಾಯುವುದು ಹೀಗೆ ಎಂದು ವಕೀಲರು ಎಚ್ಚರಿಸಿದ್ದರು. ಯಾರನ್ನೂ ಯಾರೂ ಸೋಲಿಸಬೇಕಾಗಿಲ್ಲ. ಸಾಕ್ಷಿ ರೂಮು ಬದಲಿಸುತ್ತಾನೆ, ಸಮನ್ಸು ವಾಪಸ್ ಹೋಗುತ್ತದೆ, ಅಷ್ಟೇ. ಹಿಂದಿನ ದಿನ ನಂಜಮ್ಮನವರನ್ನು ಕೇಳಿದ್ದೆ. ಅವರು ಕಾಳು ಬಿಡಿಸುತ್ತ, ತಲೆ ಎತ್ತದೆ, "ಬರ್ಕೊ ನಮ್ ಮನೆ ನಂಬ್ರ. ನಾನೆಲ್ಲೋಗ್ತೀನಿ?" ಅಂದಿದ್ದರು.

ಹೀಗೆ ನಾನು ಈ ಊರಿನಲ್ಲಿ ನೆಲೆ ನಿಂತೆ. ಉಳಿದವರು ಸಂಬಳಕ್ಕಾಗಿ ನಿಲ್ಲುತ್ತಾರೆ, ಮದುವೆಯಾಗಿ ನಿಲ್ಲುತ್ತಾರೆ. ನಾನು ಒಂದು ಕಾಗದ ಬಂದಾಗ ಮನೆಯಲ್ಲಿರಬೇಕು ಎಂದು ನಿಂತೆ. ಈಗ ಒಂದು ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತೇನೆ. ಕಾರ್ಮಿಕ ಇಲಾಖೆಗೆ ನಾನೂ ಹುಲಿಗೆಮ್ಮನೂ ಸೇರಿ ಒಂದು ಅರ್ಜಿ ಕೊಟ್ಟಿದ್ದೇವೆ. ಸೂಚನೆಗಳು ಕೆಲಸಗಾರರ ಮಾತಿನಲ್ಲಿರಬೇಕು, ಆಯಾ ದಿನದ ಗುರುತನ್ನು ಆಯಾ ದಿನವೇ, ಗುಂಡಿಯ ಅಂಚಿನಲ್ಲಿಯೇ ತೆಗೆದುಕೊಳ್ಳಬೇಕು ಎಂದು. ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂದಿದೆ. ಸೀಲು ಇದೆ. ಇಟ್ಟುಕೊಂಡಿದ್ದೇನೆ.

ಸೈಟು ಮತ್ತೆ ಶುರುವಾದ ಮೇಲೆ ಒಂದು ದಿನ ಹಣಮಂತನ ಫೋನು ಬಂತು. ಬೈಯಲಿಕ್ಕೆ ಎಂದುಕೊಂಡು ಎತ್ತಿದೆ.

"ಅಕ್ಕೋರ, ಗುಂಡ್ಯಾಗ ಹಲಗಿ ಹಾಕ್ಯಾರ."

"ಹೌದಾ."

"ಎರಡೂ ಕಡೆ. ಅಡ್ಡ ಬೊಂಬೂ ಕೊಟ್ಟಾರ." ಹಿಂದೆ ಕಾಂಕ್ರೀಟ್ ಮಿಕ್ಸರಿನ ಸದ್ದು ಕೇಳುತ್ತಿತ್ತು. "ಹೇಳ್ಬೇಕನಸ್ತು, ಅದಕ್ಕ ಹೇಳಿದೆ." ಫೋನು ಇಟ್ಟ.

ಮರುದಿನ ಬಸ್ಸಿನ ಕಿಟಕಿಯಿಂದ ನೋಡಿದೆ. ಹಳದಿ ಹಲಗೆಗಳು, ಹೊಸವು. ಸಿಗ್ನಲ್ ಬಿಟ್ಟಿತು, ಬಸ್ಸು ಹೋಯಿತು.

ಕಳೆದ ತಿಂಗಳು ನಾಲ್ಕು ದಿನಕ್ಕೆ ಊರಿಗೆ ಹೋಗಿದ್ದೆ. ಹೊರಡುವಾಗ ನಂಜಮ್ಮನವರು, "ಬತ್ತೀಯೋ ಇಲ್ವೋ?" ಎಂದು ಕೇಳಿದರು. ಮನೆಗೆ ಕಾಲಿಟ್ಟಾಗ ಅವ್ವ, "ಇನ್ನ ಇಲ್ಲೇ ಇರ್ತಿಯಿಲ್ಲೋ?" ಎಂದಳು. ಇಬ್ಬರಿಗೂ ಹೂಂ ಅಂದೆ. ಗಿರಣಿಯ ಬೆಲ್ಟಿನ ಸದ್ದು ಮೊದಲಿನಂತೆಯೇ ಇತ್ತು. ಪಕ್ಕದ ಮನೆಯವರು ಪಾಯ ತೋಡಿಸುತ್ತಿದ್ದರು, ಮೊಣಕಾಲುದ್ದದ ಗುಂಡಿ. ನಾನು ಸುತ್ತುಹಾಕಿ ಹೋಗುವುದನ್ನು ಅವ್ವ ನೋಡಿದಳು, ಕೇಳಲಿಲ್ಲ. ಮೂರನೆಯ ದಿನ ನಂಜಮ್ಮನವರ ಫೋನು.

"ಅಮ್ಮೀ, ಸಮನ್ಸ್ ಬಂದೈತೆ. ಪೇದೆ ಬಂದಿದ್ದ."

"ತಗೊಂಡ್ರಾ?"

"ಅವಳಿಲ್ದಿದ್ರೆ ನೀವೇ ಒಂದ್ ಎಬ್ಬೆಟ್ಟು ಒತ್ಬುಡಿ ಅಜ್ಜಿ, ಬಾಗ್ಲಾಗೇ ಕೊಟ್ಟೋಗ್ತೀನಿ ಅಂದ. ಒತ್ತಾಕಿಲ್ಲ ಕಣಪ್ಪ ಅಂದೆ. ಅವಳ್ ಊರ್ಗೋಗವ್ಳೆ, ಬತ್ತಾಳೆ, ಅವಳ್ದು ಅವಳೇ ಆಕ್ತಾಳೆ. ಸೋಮ್ವಾರ ಬಾ ಅಂತ ಕಳ್ಸಿವ್ನಿ." ಆಮೇಲೆ, "ಬತ್ತೀಯ ತಾನೆ?"

ಅವ್ವ ರೊಟ್ಟಿ ಕಟ್ಟಿಕೊಟ್ಟಳು, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಭಾನುವಾರದ ಬಸ್ಸು ಹತ್ತಿದೆ. ಸೋಮವಾರ ಬೆಳಿಗ್ಗೆ ರೂಮಿನ ಬೀಗ ತೆಗೆಯುವ ಮೊದಲೇ ಪೇದೆ ಬಂದ. ನಂಜಮ್ಮನವರು ಹೆಂಚಿನ ಮನೆಯ ಜಗುಲಿಯ ಮೇಲೆ ಕೂತು ನೋಡುತ್ತಿದ್ದರು. ಸಮನ್ಸಿನ ಮೇಲೆ ನನ್ನ ಹೆಸರಿನ ಕೆಳಗೆ ಎರಡು ವಿಳಾಸ ಇದ್ದವು, ಮಾನ್ವಿ ತಾಲೂಕಿನದೊಂದು, ನಂಜಮ್ಮನವರ ಮನೆಯದೊಂದು. ಎರಡನ್ನೂ ಓದಿದೆ, ಎರಡೂ ಸರಿ ಇದ್ದವು. ಮಂಡಿಯ ಮೇಲೆ ರೊಟ್ಟಿಯ ಚೀಲ ಇಟ್ಟು, ಅದರ ಮೇಲೆ ಕಾಗದ ಇಟ್ಟು ಸಹಿ ಹಾಕಿದೆ. ಪಕ್ಕದಲ್ಲಿ ಆ ದಿನದ ತಾರೀಖು ಬರೆದೆ. ಆ ಒಂದು ದಿನದ್ದು ಮಾತ್ರ.